ಹೆವಿ ಡ್ಯೂಟಿ ಮಡಚು ಚಾಕು ಕೊಳ್ಳಬೇಕೇ, ದಿನವೂ ಜೇಬಿನಲ್ಲಿಟ್ಟು ತಿರುಗಬೇಕೇ?

ಪ್ರಶ್ನೆ: ನನ್ನದು ಗೋದಾಮಿನ ಕೆಲಸ. ದಿನವಿಡೀ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಪಟ್ಟಿ, ಹಗ್ಗ ಕತ್ತರಿಸುತ್ತಿರಬೇಕು. ರಜೆ ಸಿಕ್ಕರೆ ಬೆಟ್ಟ ಹತ್ತುವುದು, ಟೆಂಟ್ ಹಾಕಿ ಉಳಿಯುವುದು. ಈಗಿರುವ ಮಡಚು ಚಾಕುವಿನ ಅಲಗು 2.5 ಮಿ.ಮೀ. ದಪ್ಪ, ತೂಕ 85 ಗ್ರಾಂ. ಹೋದ ತಿಂಗಳು ಮರದ ಪೆಟ್ಟಿಗೆಯ ಮುಚ್ಚಳ ಮೀಟುವಾಗ ಅದರ ಮೊನೆ ಸುಮಾರು 4 ಮಿ.ಮೀ. ಮುರಿದುಹೋಯಿತು. ಅದಕ್ಕೇ 4.5 ಮಿ.ಮೀ. ಅಲಗಿನ, 210 ಗ್ರಾಂ ತೂಕದ ಹೆವಿ ಡ್ಯೂಟಿ ಚಾಕು ತೆಗೆದುಕೊಳ್ಳೋಣ ಎಂದಿದ್ದೇನೆ. ಗೋದಾಮಿಗೂ ಬೆಟ್ಟಕ್ಕೂ ಅದೊಂದೇ ಸಾಕಾಗುತ್ತದೆಯೇ? ದಿನವೂ ಇಟ್ಟುಕೊಂಡು ಓಡಾಡುವಂಥದ್ದೇ?

ಉತ್ತರ: ನೀವು ಹೇಳಿದ ಕೆಲಸಕ್ಕೆ ಆ ಚಾಕು ಬೇಡ. ಕೈತುಂಬುವ ಹಿಡಿ, ಗಟ್ಟಿ ಕೀಲು, ನಂಬಬಹುದಾದ ಲಾಕ್ ಇರುವ ಮಡಚು ಚಾಕು ನಿಮಗೆ ಖಂಡಿತ ಬೇಕು. ದಪ್ಪ ಅಲಗು ಮಾತ್ರ ಬೇಡ. ಅಂಗಡಿಯಲ್ಲಿ ಇವೆಲ್ಲವನ್ನೂ ‘ಹೆವಿ ಡ್ಯೂಟಿ’ ಎಂಬ ಒಂದೇ ಮಾತಿನಲ್ಲಿ ಸೇರಿಸಿ ಮಾರುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಆ ಮುರಿದ ಮೊನೆಯ ವಿಷಯ. ಅದು ಮುರಿದದ್ದು ಅಲಗು ತೆಳ್ಳಗಿತ್ತು ಎಂಬ ಕಾರಣಕ್ಕಲ್ಲ, ಚಾಕುವನ್ನು ಮೀಟುಗೋಲಿನಂತೆ ಬಳಸಿದ್ದಕ್ಕೆ. ಹರಿತ ಬಹಳ ಹೊತ್ತು ನಿಲ್ಲಲಿ ಎಂದು ಚಾಕುವಿನ ಉಕ್ಕನ್ನು ಗಡುಸಾಗಿ ಹದ ಮಾಡಿರುತ್ತಾರೆ. ರಾಕ್‌ವೆಲ್ ಸಿ ಎಂಬ ಗಡಸುತನದ ಅಳತೆಯಲ್ಲಿ ಅದು ಸಾಮಾನ್ಯವಾಗಿ 57ರಿಂದ 61ರವರೆಗೆ ಇರುತ್ತದೆ. ಮೀಟುಗೋಲಿನ ಉಕ್ಕು ಅದಕ್ಕಿಂತ ಎಷ್ಟೋ ಮೆತ್ತಗೆ. ಭಾರ ಹೆಚ್ಚಾದರೆ ಮೀಟುಗೋಲು ಬಾಗುತ್ತದೆ, ಚಾಕುವಿನ ಮೊನೆ ಬಾಗದೆ ಲಟಕ್ಕನೆ ಹೋಗುತ್ತದೆ. 4.5 ಮಿ.ಮೀ. ಎಂಬ ಅಳತೆಯೂ ಅಲಗಿನ ಬುಡದಲ್ಲಿ, ಬೆನ್ನಿನ ಮೇಲೆ ತೆಗೆದದ್ದು. ಮೊನೆಯ ಕಡೆಗೆ ಹೋದಂತೆ ಅಲಗು ಸಣ್ಣಗಾಗುತ್ತಾ ಹೋಗಿ, ಕೊನೆಯ ನಾಲ್ಕೈದು ಮಿಲಿಮೀಟರಿನಲ್ಲಿ ಎಷ್ಟೋ ‘ದಪ್ಪ’ ಚಾಕುಗಳೂ ನಿಮ್ಮ ಚಾಕುವಿನಷ್ಟೇ ತೆಳ್ಳಗಿರುತ್ತವೆ. ಮೊನೆಯವರೆಗೂ ದಪ್ಪ ಉಳಿಸಿಕೊಂಡವೂ ಇವೆ, ಆದರೆ ಅವು ರಟ್ಟಿನೊಳಗೆ ಸಲೀಸಾಗಿ ಇಳಿಯುವುದಿಲ್ಲ.

ದಪ್ಪ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ

ಉಕ್ಕಿನ ಪಟ್ಟಿಯೊಂದನ್ನು ಅಡ್ಡಕ್ಕೆ ಬಾಗಿಸಲು ಹೋದರೆ ಅದರ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಮುರಿಯದೆ ತಾಳುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ. 2.5 ಮಿ.ಮೀ.ಯಿಂದ 4.5 ಮಿ.ಮೀ.ಗೆ ಹೋದರೆ ದಪ್ಪ 1.8 ಪಟ್ಟು, ಬಿಗಿತ ಸುಮಾರು 5.8 ಪಟ್ಟು, ತಾಳುವ ಶಕ್ತಿ ಸುಮಾರು 3.2 ಪಟ್ಟು. ಕೇಳಲು ಬಹಳ ಚೆನ್ನಾಗಿದೆ. ಆದರೆ ಇದು ಅಲಗನ್ನು ಪಕ್ಕಕ್ಕೆ ಬಾಗಿಸುವಾಗಿನ ಲೆಕ್ಕ, ಅಂದರೆ ಮೀಟುವಾಗಿನದು. ಕತ್ತರಿಸುವಾಗ ಒತ್ತಡ ಬೀಳುವುದು ಬಾಯಿಯಿಂದ, ಅಂದರೆ ಹರಿತದ ಅಂಚಿನಿಂದ, ಬೆನ್ನಿನ ಕಡೆಗೆ. ಆ ದಿಕ್ಕಿನಲ್ಲಿ ಅಲಗು 25ರಿಂದ 30 ಮಿ.ಮೀ. ಅಗಲವಿರುತ್ತದೆ. 2.5 ಮಿ.ಮೀ. ಅಲಗು ಕೂಡ ಆ ದಿಕ್ಕಿನಲ್ಲಿ ನಿಮ್ಮ ಕೈಬಲಕ್ಕೆ ಜಗ್ಗುವುದಿಲ್ಲ.

ಮೀಟುವುದಕ್ಕೇ ಬೇಕು ಎಂದುಕೊಂಡರೂ ಮಡಚು ಚಾಕುವಿನ ಬಲಹೀನ ಜಾಗ ಅಲಗಲ್ಲ, ಕೀಲು. ಒರೆಯಲ್ಲಿಡುವ ಚಾಕುವಿನಲ್ಲಿ ಅಲಗಿನ ಉಕ್ಕೇ ಹಿಡಿಯೊಳಕ್ಕೂ ಹೋಗಿರುತ್ತದೆ. ಮಡಚು ಚಾಕುವಿನಲ್ಲಿ ಅಲಗು ಕೀಲಿನ ಬಳಿ ಮುಗಿದುಬಿಡುತ್ತದೆ. ಅಲ್ಲಿಂದಾಚೆಗೆ ಎಲ್ಲ ಭಾರವೂ ಒಂದು ಕೀಲು ಮೊಳೆ, ಎರಡು ವಾಶರ್, ಒಂದೆರಡು ಮಿಲಿಮೀಟರ್ ದಪ್ಪದ ತಗಡು, ಸಣ್ಣ ಸ್ಕ್ರೂಗಳ ಮೇಲೆ. ಅಲಗನ್ನು ದಪ್ಪ ಮಾಡಿದರೆ ಮುರಿಯುವುದು ತಪ್ಪಬಹುದು, ಆದರೆ ಅದೇ ಭಾರ ಹಿಂದಕ್ಕೆ ಸರಿದು ಕೀಲನ್ನು ಸಡಿಲಿಸುತ್ತದೆ, ಹಿಡಿಯ ಎರಡು ಪಕ್ಕಗಳನ್ನು ಅಗಲಿಸುತ್ತದೆ. ಮೀಟಿದ ಮಾರನೆಯ ದಿನದಿಂದ ಅಲಗು ಪಕ್ಕಕ್ಕೆ ಲೊಡಲೊಡ ಅಲ್ಲಾಡಲು ಶುರುವಾದರೆ ಅದರ ಕಾರಣ ಇದೇ.

ಲಾಕ್‌ನ ಮೇಲೆ ಬೀಳುವ ಭಾರವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿ. ಕೀಲಿನಿಂದ 80 ಮಿ.ಮೀ. ದೂರದಲ್ಲಿ ಅಲಗಿನ ಬೆನ್ನಿನ ಮೇಲೆ 10 ಕಿಲೋ ಒತ್ತಡ ಬಿತ್ತು ಎನ್ನೋಣ. ಲಾಕ್ ಅಲಗನ್ನು ಹಿಡಿದಿರುವ ಜಾಗ ಕೀಲಿನ ನಡುವಿನಿಂದ ಸುಮಾರು 8 ಮಿ.ಮೀ. ದೂರ. ಹತ್ತರಷ್ಟು ಸನ್ನೆ, ಅಂದರೆ ಆ ಉಗುರಿನಷ್ಟಿಲ್ಲದ ಜಾಗದ ಮೇಲೆ 100 ಕಿಲೋ. ಅಲಗು ಉದ್ದವಾದಷ್ಟೂ ಈ ಲೆಕ್ಕ ಇನ್ನೂ ಕೆಡುತ್ತದೆ. 12 ಸೆಂ.ಮೀ. ಅಲಗಿನ ದೈತ್ಯ ಮಡಚು ಚಾಕು 8 ಸೆಂ.ಮೀ. ಚಾಕುವಿಗಿಂತ ತಾನಾಗಿಯೇ ಗಟ್ಟಿ ಎಂದುಕೊಳ್ಳಬೇಡಿ.

ಇಲ್ಲಿ ಒಂದು ಸಂಗತಿಯನ್ನು ಬಹಳ ಜನ ಗಮನಿಸಿರುವುದಿಲ್ಲ. ಬಾಯಿ ಕೆಳಗೆ ಮಾಡಿ ಒತ್ತಿ ಕತ್ತರಿಸುವಾಗ ಲಾಕ್‌ಗೆ ಕೆಲಸವೇ ಇಲ್ಲ. ಆ ಒತ್ತಡ ಅಲಗನ್ನು ಇನ್ನಷ್ಟು ತೆರೆಯುವ ಕಡೆಗೆ ತಳ್ಳುತ್ತದೆ, ಅದನ್ನು ತಡೆಯುವುದು ಸ್ಟಾಪ್ ಪಿನ್ ಎಂಬ ಸಣ್ಣ ಉಕ್ಕಿನ ಕಡ್ಡಿ. ಲಾಕ್ ನಿಮ್ಮ ಬೆರಳು ಕಾಯುವುದು ಮೂರು ಸಂದರ್ಭಗಳಲ್ಲಿ: ಮೊನೆಯಿಂದ ಚುಚ್ಚುವಾಗ, ಸಿಕ್ಕಿಕೊಂಡ ಅಲಗನ್ನು ಅಲ್ಲಾಡಿಸಿ ಹೊರಗೆ ಎಳೆಯುವಾಗ, ಅಲಗಿನ ಬೆನ್ನು ಯಾವುದಕ್ಕಾದರೂ ತಾಗಿದಾಗ. ದಪ್ಪ ಅಲಗು ರಟ್ಟಿನಲ್ಲೂ ಮರದಲ್ಲೂ ಸಿಕ್ಕಿಕೊಳ್ಳುವುದು ಜಾಸ್ತಿ. ಹಾಗಾಗಿ ಅದೇ ಲಾಕ್‌ಗೆ ದುಡಿಮೆಯನ್ನೂ ಜಾಸ್ತಿ ಮಾಡುತ್ತದೆ.

ಕತ್ತರಿಸುವ ಲೆಕ್ಕ

ಅಲಗು ಎಂದರೆ ಕೊನೆಗೂ ಒಂದು ಬೆಣೆ. 25 ಮಿ.ಮೀ. ಅಗಲದ ಅಲಗನ್ನು ಬೆನ್ನಿನಿಂದ ಬಾಯಿಯವರೆಗೂ ಸಪಾಟಾಗಿ ಇಳಿಜಾರು ತೆಗೆದಿದ್ದರೆ, 2.5 ಮಿ.ಮೀ. ದಪ್ಪದಲ್ಲಿ ಆ ಬೆಣೆಯ ಕೋನ 6 ಡಿಗ್ರಿಗಿಂತ ಕೊಂಚ ಕಡಿಮೆ, 4.5 ಮಿ.ಮೀ.ಯಲ್ಲಿ ಸುಮಾರು 10 ಡಿಗ್ರಿ. ಹೆವಿ ಡ್ಯೂಟಿ ಚಾಕುಗಳಲ್ಲಿ ಹಲವು ಅಷ್ಟೂ ಮಾಡಿರುವುದಿಲ್ಲ. ಅರ್ಧ ಅಗಲವನ್ನು ಪೂರ್ತಿ ದಪ್ಪದಲ್ಲೇ ಬಿಟ್ಟು ಕೆಳಗಿನ 12 ಮಿ.ಮೀ.ಯಲ್ಲಿ ಮಾತ್ರ ಇಳಿಜಾರು ತೆಗೆದಿರುತ್ತಾರೆ. ಆಗ ಕೋನ 21 ಡಿಗ್ರಿಗೆ ಏರುತ್ತದೆ. ಒಂದು ಕ್ಯಾರೆಟ್ ಇಟ್ಟು ಕತ್ತರಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ತೆಳು ಅಲಗು ಸುಮ್ಮನೆ ಇಳಿದು ಹಲಗೆ ಮುಟ್ಟುತ್ತದೆ. ದಪ್ಪ ಅಲಗು ಒಂದು ಸೆಂಟಿಮೀಟರ್ ಇಳಿದು ನಿಲ್ಲುತ್ತದೆ, ಇನ್ನಷ್ಟು ಒತ್ತಿದರೆ ಟಕ್ಕೆಂದು ಕ್ಯಾರೆಟ್ ಸೀಳುತ್ತದೆ. ಕತ್ತರಿಸಿದ ಮೈ ನುಣ್ಣಗಿರುವುದಿಲ್ಲ, ಅರ್ಧ ಕೊಯ್ದು ಅರ್ಧ ಮುರಿದಂತೆ ಇರುತ್ತದೆ. ಆ ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ವಾದ ಬೇಕಿಲ್ಲ.

ರಟ್ಟಿನ ಸಂಗತಿಯೂ ಇದೇ. ಬಾಯಿ ಕೊಯ್ಯುತ್ತಾ ಮುಂದೆ ಹೋದರೂ ಎರಡು ಕಡೆಯ ರಟ್ಟು ಅಲಗಿನ ಕೆನ್ನೆಗಳನ್ನು ಒತ್ತಿ ಹಿಡಿಯುತ್ತದೆ. ಸಾಣೆ ಎಷ್ಟು ಚೆನ್ನಾಗಿ ಹಿಡಿದಿದ್ದರೂ ಈ ಒತ್ತು ಹೋಗುವುದಿಲ್ಲ. ಬಾಯಿಯ ಇಳಿಜಾರು ಶುರುವಾಗುವ ಜಾಗದಲ್ಲಿ ಅಲಗು ಎಷ್ಟು ದಪ್ಪ ಎನ್ನುವುದೇ ಇಲ್ಲಿ ನಿರ್ಣಾಯಕ. 0.3ರಿಂದ 0.5 ಮಿ.ಮೀ. ಇದ್ದರೆ ರಟ್ಟು ಹಾಯಾಗಿ ಹೋಗುತ್ತದೆ. 0.8 ದಾಟಿದರೆ ದಿನದ ಕೊನೆಗೆ ಮಣಿಕಟ್ಟು ನೋಯುತ್ತದೆ. ಚಾಕುವಿನ ಜಾಹೀರಾತಿನಲ್ಲಿ ಬೆನ್ನಿನ ದಪ್ಪವನ್ನು ದೊಡ್ಡದಾಗಿ ಬರೆಯುತ್ತಾರೆ, ಈ ಅಳತೆಯನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಡಿಜಿಟಲ್ ಕ್ಯಾಲಿಪರ್ ಇದ್ದರೆ ನೀವೇ ಅಳೆದುಕೊಳ್ಳಬಹುದು.

ಕಾಲ ಕಳೆದಂತೆ ಈ ಅಳತೆ ಇನ್ನೂ ಕೆಡುತ್ತದೆ. ಸಾಣೆ ಹಿಡಿದು ಹಿಡಿದು ಅಲಗು 1 ಮಿ.ಮೀ. ಸವೆದರೆ, 10 ಡಿಗ್ರಿಯ ಬೆಣೆಯಲ್ಲಿ ಬಾಯಿಯ ಹಿಂದಿನ ದಪ್ಪ ಸುಮಾರು 0.18 ಮಿ.ಮೀ. ಹೆಚ್ಚುತ್ತದೆ, 21 ಡಿಗ್ರಿಯದರಲ್ಲಿ 0.37 ಮಿ.ಮೀ. ಹೊಸದರಲ್ಲಿ ಪರವಾಗಿಲ್ಲ ಎನಿಸಿದ ದಪ್ಪ ಚಾಕು ವರ್ಷ ಎರಡು ವರ್ಷದಲ್ಲಿ ‘ಎಷ್ಟು ಮಸೆದರೂ ಕೊಯ್ಯುತ್ತಿಲ್ಲ’ ಎನಿಸಿಕೊಳ್ಳುವುದು ಇದರಿಂದ. ಬಾಯಿ ಹರಿತವಾಗೇ ಇರುತ್ತದೆ, ಅದರ ಹಿಂದಿನ ಹೆಗಲು ಮಾತ್ರ ದಪ್ಪಗಾಗಿರುತ್ತದೆ.

ಹೆಸರುವಾಸಿಯಾದ ಗಟ್ಟಿ ಚಾಕುಗಳನ್ನೇ ನೋಡಿ. 1964ರಲ್ಲಿ ಬಂದ ಬಕ್ 110 ತೂಗುವುದು ಸುಮಾರು 200 ಗ್ರಾಂ. ಆ ಭಾರವೆಲ್ಲ ಹಿಡಿಯ ಹಿತ್ತಾಳೆಯದು, ಅಲಗು ಸುಮಾರು 3 ಮಿ.ಮೀ. ಅಷ್ಟೇ, ಅದೂ ಎರಡೂ ಕಡೆ ಒಳಕ್ಕೆ ತಗ್ಗಾಗುವಂತೆ ಸವೆಸಿ ತೆಳ್ಳಗೆ ಮಾಡಿದ್ದು. ಫ್ರೇಮ್ ಲಾಕ್ (ಹಿಡಿಯ ಒಂದು ಪಕ್ಕವೇ ಲಾಕ್ ಆಗುವ ಬಗೆ) ಅನ್ನು ಜನಪ್ರಿಯಗೊಳಿಸಿದ ಕ್ರಿಸ್ ರೀವ್ ಅವರ ಸೆಬೆಂಜಾ ಚಾಕುವಿನ ಹೆಸರಿಗೆ ಜುಲು ಭಾಷೆಯಲ್ಲಿ ‘ಕೆಲಸ’ ಎಂದೇ ಅರ್ಥ. ಅದರ ಅಲಗೂ ಸುಮಾರು 3.2 ಮಿ.ಮೀ. ಇನ್ನೊಂದು ತುದಿಯಲ್ಲಿ ಒಪಿನೆಲ್ 8ನೇ ನಂಬರ್ ಇದೆ. 8.5 ಸೆಂ.ಮೀ. ಅಲಗು, ಸುಮಾರು 45 ಗ್ರಾಂ ತೂಕ. ಕತ್ತರಿಸುವ ವಿಷಯದಲ್ಲಿ ತನಗಿಂತ ನಾಲ್ಕೈದು ಪಟ್ಟು ತೂಗುವ ಚಾಕುಗಳನ್ನು ಅದು ಹಿಂದೆ ಹಾಕುತ್ತದೆ.

ಹಾಗಾದರೆ ಹೆವಿ ಡ್ಯೂಟಿಯಲ್ಲಿ ಒಳ್ಳೆಯದೇನೂ ಇಲ್ಲವೇ? ಇದೆ, ಅದು ಹಿಡಿಯಲ್ಲಿದೆ. ನಾಲ್ಕೂ ಬೆರಳು ಪೂರ್ತಿ ಕೂರುವ, 14ರಿಂದ 17 ಮಿ.ಮೀ. ದಪ್ಪದ, ಮೂಲೆಗಳನ್ನು ಉರುಟಾಗಿಸಿದ ಹಿಡಿ ಕೈಗವಸು ಹಾಕಿದಾಗಲೂ ಜಾರುವುದಿಲ್ಲ, ಎರಡು ಗಂಟೆ ಹಗ್ಗ ಕೊಯ್ದರೂ ಅಂಗೈಯಲ್ಲಿ ಬೊಬ್ಬೆ ಏಳಿಸುವುದಿಲ್ಲ. 4.5ರಿಂದ 5 ಮಿ.ಮೀ. ವ್ಯಾಸದ ಕೀಲು ಮೊಳೆ, ದಪ್ಪ ಸ್ಟಾಪ್ ಪಿನ್, ಒಳಗೆ ಉಕ್ಕಿನ ತಗಡು, ಇವೆಲ್ಲ ನಿಜವಾಗಿಯೂ ಬಾಳಿಕೆ ಕೊಡುತ್ತವೆ. ನೀವು ಹುಡುಕಬೇಕಾದದ್ದು ಇಂಥ ಹಿಡಿಗೆ 3ರಿಂದ 3.5 ಮಿ.ಮೀ. ಬೆನ್ನಿನ, ಮೇಲಿನಿಂದಲೇ ಸಪಾಟಾಗಿ ಇಳಿದ ಅಲಗು ಕೂಡಿಸಿದ ಚಾಕು. ತೂಕ 110ರಿಂದ 140 ಗ್ರಾಂ ಒಳಗೆ, ಅಲಗು 8.5ರಿಂದ 9.5 ಸೆಂ.ಮೀ.

ಲಾಕ್

ಲಾಕ್‌ಗಳಲ್ಲಿ ಎಲ್ಲಕ್ಕೂ ಮೇಲಾದದ್ದು ಅಂತ ಒಂದಿಲ್ಲ. ಒಂದೊಂದೂ ಕೆಡುವ ರೀತಿ ಬೇರೆ. ಅದು ಗೊತ್ತಿದ್ದರೆ ಯಾವುದು ನಿಮ್ಮ ಕೆಲಸಕ್ಕೆ ಸರಿ ಎಂದು ತಿಳಿಯುತ್ತದೆ.

ಲೈನರ್ ಲಾಕ್‌ನಲ್ಲಿ ಹಿಡಿಯೊಳಗಿನ ತೆಳು ತಗಡೊಂದು ಸ್ಪ್ರಿಂಗ್‌ನಂತೆ ಚಿಮ್ಮಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಚಾಕು ತೆರೆದು ಬೆಳಕಿಗೆ ಹಿಡಿದು ಬುಡವನ್ನು ನೋಡಿ. ಹೊಸ ಚಾಕುವಿನಲ್ಲಿ ತಗಡು ಅಲಗಿನ ಬುಡದ ಅಗಲದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಬಂದು ನಿಂತಿರಬೇಕು. ಅಂಚಿಗೆ ಮಾತ್ರ ತಾಗಿದ್ದರೆ ಜಾರುವ ಭಯ. ಆಗಲೇ ಆಚೆ ಬದಿಗೆ ತಲುಪಿದ್ದರೆ ಮುಂದೆ ಸವೆತ ಆದಾಗ ಸರಿಯಲು ಜಾಗವಿಲ್ಲ. ಇದರ ದೊಡ್ಡ ದೋಷ ಎಂದರೆ ಗಟ್ಟಿಯಾಗಿ ಹಿಡಿದು ತಿರುಚುವಾಗ ಬೆರಳಿನ ಮಾಂಸ ಸಂದಿಯೊಳಗೆ ಹೋಗಿ ತಗಡನ್ನು ತಳ್ಳಿಬಿಡಬಹುದು. ಬಾಯಿ ಸಿಕ್ಕಿಕೊಂಡಾಗ ಜನ ಮಾಡುವುದೂ ಅದನ್ನೇ, ಗಟ್ಟಿ ಹಿಡಿದು ತಿರುಚುವುದು.

ಫ್ರೇಮ್ ಲಾಕ್‌ನಲ್ಲಿ ಹಿಡಿಯ ಒಂದು ಪಕ್ಕವೇ ಲಾಕ್. ಹಿಡಿದಷ್ಟೂ ಲಾಕ್ ಬಿಗಿಯಾಗುತ್ತದೆ, ಒರಟು ಕೆಲಸಕ್ಕೆ ಇದು ದೊಡ್ಡ ಅನುಕೂಲ. ಆ ಪಕ್ಕವನ್ನು ಸಾಮಾನ್ಯವಾಗಿ ಟೈಟೇನಿಯಂನಲ್ಲಿ ಮಾಡಿರುತ್ತಾರೆ, ಅದು ಮೆತ್ತಗಿರುವುದರಿಂದ ಅಲಗಿನ ಉಕ್ಕಿಗೆ ಉಜ್ಜಿ ಸವೆಯುತ್ತದೆ, ಕೆಲವೊಮ್ಮೆ ಅಂಟಿಕೊಂಡು ಬಿಡುವುದೇ ಇಲ್ಲ. ತುದಿಗೆ ಉಕ್ಕಿನ ತುಂಡು ಕೂಡಿಸಿರುವುದನ್ನೇ ಆರಿಸಿ. ಬಿಚ್ಚುವಾಗ ಲಾಕನ್ನು ಹೊರಕ್ಕೆ ಅತಿಯಾಗಿ ತಳ್ಳಿದರೆ ಸ್ಪ್ರಿಂಗ್ ಸತ್ತು ಹೋಗುತ್ತದೆ. ಅದನ್ನು ತಡೆಯುವ ಸಣ್ಣ ಬಿಲ್ಲೆ ಇದೆಯೇ ನೋಡಿಕೊಳ್ಳಿ.

ಬ್ಯಾಕ್ ಲಾಕ್, ಅಂದರೆ ಹಿಡಿಯ ಬೆನ್ನಿನಲ್ಲಿರುವ ಉಕ್ಕಿನ ಸನ್ನೆಯೊಂದು ಅಲಗಿನ ಬುಡದ ಕಚ್ಚಿನಲ್ಲಿ ಕೂರುವ ಬಗೆ, ಹಳೆಯದು, ಗಟ್ಟಿಯದು. ಅದರ ಶತ್ರು ಜೇಬಿನ ನೂಲುಗಸ. ಲಾಕ್ ಕೂರುವ ಕಚ್ಚಿನಲ್ಲಿ ಬಟ್ಟೆಯ ಎಳೆ ಗಂಟಾಗಿ ಸೇರಿಕೊಂಡರೆ ಲಾಕ್ ಪೂರ್ತಿ ಕೂರುವುದಿಲ್ಲ, ಕೂತಂತೆ ಸದ್ದು ಮಾತ್ರ ಬರುತ್ತದೆ. ತಿಂಗಳಿಗೊಮ್ಮೆ ಹಲ್ಲುಕಡ್ಡಿಯಿಂದ ಆ ಕಚ್ಚನ್ನು ಕೆರೆದು ತೆಗೆಯಿರಿ. ಕೋಲ್ಡ್ ಸ್ಟೀಲ್ ಎಂಬ ಕಂಪನಿಯ ಟ್ರೈ-ಆ್ಯಡ್ ಲಾಕ್ ಇದರದೇ ಸುಧಾರಿತ ರೂಪ. ಅಲಗಿಗೂ ಲಾಕ್‌ಗೂ ನಡುವೆ ಒಂದು ಸ್ಟಾಪ್ ಪಿನ್ ಇಟ್ಟು ಭಾರವನ್ನು ಹಿಡಿಗೆ ದಾಟಿಸುತ್ತಾರೆ. ಲಾಕ್‌ನ ಶಕ್ತಿಯೊಂದನ್ನೇ ನೋಡುವುದಾದರೆ ಮಡಚು ಚಾಕುಗಳಲ್ಲಿ ಇದು ಮೇಲಿನ ಸಾಲಿನದು. ಆದರೆ ಸ್ಪ್ರಿಂಗ್ ಬಹಳ ಬಿಗಿ, ದಿನಕ್ಕೆ ಐವತ್ತು ಸಲ ತೆರೆದು ಮುಚ್ಚುವವರಿಗೆ ಹೆಬ್ಬೆರಳು ಸೋಲುತ್ತದೆ.

ಅಡ್ಡಕಡ್ಡಿ ಲಾಕ್, ಅಂದರೆ ಹಿಡಿಗೆ ಅಡ್ಡವಾಗಿ ಹಾದ ಕಡ್ಡಿಯೊಂದು ಅಲಗಿನ ಬುಡವನ್ನು ತಡೆಯುವ, ಬೆಂಚ್‌ಮೇಡ್ ಕಂಪನಿ 1998ರಲ್ಲಿ ಆ್ಯಕ್ಸಿಸ್ ಎಂಬ ಹೆಸರಿನಲ್ಲಿ ತಂದ ಬಗೆ, ನಿಮ್ಮಂಥ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ. ಎರಡು ಕೈಯಲ್ಲೂ ಒಂದೇ ಹಿತ, ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ. ದಿನವಿಡೀ ತೆರೆದು ಮುಚ್ಚುವವರಿಗೆ ಲಾಕ್‌ನ ಅಸಲಿ ಶಕ್ತಿಗಿಂತ ಇದು ಮುಖ್ಯ, ಏಕೆಂದರೆ ಬೆರಳು ಕೊಯ್ದುಕೊಳ್ಳುವುದು ಬಹಳ ಸಲ ಅವಸರದಲ್ಲಿ ಮುಚ್ಚುವಾಗ. ಇದರೊಳಗೆ ಕೂದಲೆಳೆಯಂಥ ಎರಡು ತಂತಿ ಸ್ಪ್ರಿಂಗ್ ಇವೆ. ಒಂದು ಮುರಿದರೂ ಇನ್ನೊಂದರ ಮೇಲೆ ನಡೆಯುತ್ತದೆ. ಕಡ್ಡಿ ಒಂದು ಕಡೆ ಮೆತ್ತಗಾಯಿತು ಎನಿಸಿದ ದಿನವೇ ಸ್ಪ್ರಿಂಗ್ ಬದಲಾಯಿಸಿ.

ಲಾಕ್ ಪರೀಕ್ಷೆ ಎಂದು ಕೆಲವರು ಅಲಗಿನ ಬೆನ್ನನ್ನು ಮೇಜಿಗೆ ಬಲವಾಗಿ ಬಡಿಯುತ್ತಾರೆ. ದಯವಿಟ್ಟು ಮಾಡಬೇಡಿ. ಒಳ್ಳೆಯ ಲಾಕ್‌ನ ಮುಖವನ್ನೇ ಅದು ಹಾಳು ಮಾಡುತ್ತದೆ. ಹಿಡಿಯ ಎರಡು ಪಕ್ಕಗಳನ್ನು ಮಾತ್ರ ಹಿಡಿದು, ಯಾವ ಬೆರಳೂ ಅಲಗು ಮುಚ್ಚುವ ದಾರಿಯಲ್ಲಿ ಇಲ್ಲದಂತೆ ನೋಡಿಕೊಂಡು, ಬೆನ್ನನ್ನು ಮರದ ಅಂಚಿಗೆ ಆನಿಸಿ ನಿಧಾನವಾಗಿ ಒತ್ತಿ. ಹತ್ತು ಸಲ ತೆರೆದು ಹತ್ತು ಸಲವೂ ಹೀಗೆ ನೋಡಿ. ಒಮ್ಮೆ ಜಾರಿದರೂ ಆ ಚಾಕು ಬೇಡ. ಇನ್ನೊಂದು ಕಾವಲು ಇರಲಿ: ಅಲಗಿನ ಬುಡದಲ್ಲಿ ಬೆರಳು ಕೂರುವಷ್ಟು ಮೊಂಡು ಬಳುಕು ಇರುವ, ಅಥವಾ ತೆರೆದಾಗ ಕೆಳಗೆ ಚಾಚಿಕೊಳ್ಳುವ ಫ್ಲಿಪ್ಪರ್ (ಬೆರಳಿನಿಂದ ತಳ್ಳಿ ಅಲಗು ತೆರೆಯುವ ಸಣ್ಣ ಕೊಕ್ಕೆ) ಇರುವ ಚಾಕು ಆರಿಸಿ. ಲಾಕ್ ಕೈಕೊಟ್ಟರೂ ಮೊದಲು ಬೆರಳಿಗೆ ತಾಗುವುದು ಆ ಮೊಂಡು ಭಾಗ.

ಉಕ್ಕು

ಇದರ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಮಾತು ನಡೆಯುತ್ತದೆ. ಎರಡು ಗುಣ ನೋಡಿ: ಸವೆತ ತಾಳುವುದು, ಪೆಟ್ಟು ತಾಳುವುದು. ಒಂದು ಏರಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ. ಎಂ390 ಎಂಬ ಉಕ್ಕು ಹರಿತವನ್ನು ಬಹಳ ದಿನ ಉಳಿಸುತ್ತದೆ, ಆದರೆ ಪೆಟ್ಟಿಗೆ ಚಕ್ಕೆ ಏಳುತ್ತದೆ. ಡಿ2ದಲ್ಲಿ ಇಂಗಾಲ ಸುಮಾರು 1.5 ಪ್ರತಿಶತ, ಕ್ರೋಮಿಯಂ ಸುಮಾರು 12 ಪ್ರತಿಶತ. ಅದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಬೆವರು ತಾಗುವ ಜೇಬಿನಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಮೀಟಲೂ ಆಗುತ್ತದೆ ಎಂದು ಮಾರುವ ದಪ್ಪ ಚಾಕುವಿನಲ್ಲಿ ಈ ಎರಡರಲ್ಲಿ ಒಂದು ಇದ್ದರೆ, ಅಲಗಿನ ಆಕಾರವೂ ಉಕ್ಕಿನ ಸ್ವಭಾವವೂ ಒಂದಕ್ಕೊಂದು ಹೊಂದುವುದಿಲ್ಲ. ನಿಮಗೆ 14ಸಿ28ಎನ್ ಸಾಕು. ತುಕ್ಕು ಹಿಡಿಯುವುದು ಕಷ್ಟ, ಪೆಟ್ಟು ತಾಳುತ್ತದೆ, ಹತ್ತು ನಿಮಿಷದಲ್ಲಿ ಸಾಣೆ ಒಪ್ಪುತ್ತದೆ. ಖರ್ಚು ಮಾಡುವ ಮನಸ್ಸಿದ್ದರೆ 2021ರಲ್ಲಿ ಬಂದ ಮ್ಯಾಗ್ನಾಕಟ್ ನೋಡಿ, ಸ್ಟೇನ್‌ಲೆಸ್ ಆಗಿದ್ದೂ ಪೆಟ್ಟು ತಾಳುವುದರಲ್ಲಿ ಅದು ಮುಂದಿದೆ. ಅಲಗಿನ ಮೇಲಿನ ಕಪ್ಪು ಲೇಪ ತುಕ್ಕು ತಡೆಯುತ್ತದೆ, ಆದರೆ ಒರಟು ಲೇಪವಾದರೆ ರಟ್ಟಿನಲ್ಲಿ ಇನ್ನಷ್ಟು ಎಳೆಯುತ್ತದೆ. ಬಾಯಿಯ ಮೇಲೆ ಹೇಗೂ ಲೇಪ ಇರುವುದಿಲ್ಲ.

ಜೇಬಿನಲ್ಲಿ

210 ಗ್ರಾಂ ಎಂದರೆ ಒಂದು ದೊಡ್ಡ ಮೊಬೈಲ್‌ನ ತೂಕ. ಮೊದಲ ವಾರ ಅದೇ ಒಂದು ಹೆಮ್ಮೆ. ಆಮೇಲೆ ಮೆಟ್ಟಿಲು ಹತ್ತುವಾಗ ತೊಡೆಗೆ ಬಡಿಯುತ್ತದೆ, ಕೂತರೆ ಸೊಂಟದ ಮೂಳೆಗೆ ಒತ್ತುತ್ತದೆ, ತೆಳು ಪ್ಯಾಂಟಿನ ಜೇಬಿನ ಅಂಚು ಕ್ಲಿಪ್ಪಿನ ಕೆಳಗೆ ಹರಿಯುತ್ತದೆ. ಕೊನೆಗೆ ಅದು ಬ್ಯಾಗ್ ಸೇರುತ್ತದೆ, ಕೈಗೆ ಬೇಕಾದಾಗ ಇರುವುದಿಲ್ಲ. ಬಕ್ 110 ಕೊಂಡವರು ಅದನ್ನು ಬೆಲ್ಟಿಗೆ ಚರ್ಮದ ಒರೆಯಲ್ಲಿ ಹಾಕಿಕೊಳ್ಳುತ್ತಿದ್ದುದು ಸುಮ್ಮನಲ್ಲ. ಭಾರದ ಮಡಚು ಚಾಕು ಇಟ್ಟುಕೊಳ್ಳಲೇಬೇಕಾದರೆ ಅದೇ ಸರಿ.

ಕ್ಲಿಪ್ಪಿನಲ್ಲಿ ಸಿಕ್ಕಿಸುವುದಾದರೆ, ಮೊನೆ ಮೇಲ್ಮುಖವಾಗಿ ಕೂರುವ ಚಾಕುವಿನಲ್ಲಿ ಅಲಗಿನ ಬೆನ್ನು ಜೇಬಿನ ಹಿಂದಿನ ಹೊಲಿಗೆಗೆ ಒತ್ತಿಕೊಂಡಿರಲಿ. ಮುಚ್ಚಿದ ಅಲಗನ್ನು ಹಿಡಿದಿಡುವ ಸಣ್ಣ ಗುಂಡು ಸವೆದಿದ್ದರೂ ಹೊಲಿಗೆ ಅಡ್ಡ ಬಂದು ಅಲಗು ತೆರೆಯದಂತೆ ತಡೆಯುತ್ತದೆ. ಅದೇ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಇಡಬೇಡಿ. ವಾರಕ್ಕೊಮ್ಮೆ ಮುಚ್ಚಿದ ಚಾಕುವನ್ನು ಅಲಗಿನ ಬೆನ್ನು ನೆಲದ ಕಡೆಗಿರುವಂತೆ ಹಿಡಿದು ಒಮ್ಮೆ ಜಾಡಿಸಿ ನೋಡಿ. ಅಲಗು ಹೊರಗೆ ಇಣುಕಿದರೆ ಅದು ಜೇಬಿಗೆ ಸೇರುವಂಥದ್ದಲ್ಲ.

ಕಾನೂನನ್ನು ಕೊಳ್ಳುವ ಮುಂಚೆಯೇ ನೋಡಿ, ಏಕೆಂದರೆ ಹೆವಿ ಡ್ಯೂಟಿ ಎನಿಸುವ ಗುಣಗಳ ಮೇಲೆಯೇ ಎಷ್ಟೋ ದೇಶಗಳ ಕಾನೂನು ಕೈ ಇಟ್ಟಿರುವುದು. ಬ್ರಿಟನ್‌ನಲ್ಲಿ ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಬಹುದಾದ್ದು 3 ಅಂಗುಲ, ಅಂದರೆ 7.62 ಸೆಂ.ಮೀ. ಮೀರದ ಬಾಯಿಯ, ಲಾಕ್ ಇಲ್ಲದ ಮಡಚು ಚಾಕು ಮಾತ್ರ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕು ಹೊತ್ತು ತಿರುಗುವುದಕ್ಕೆ 2008ರಿಂದ ನಿರ್ಬಂಧವಿದೆ. ಕೆಲಸದ ಅಗತ್ಯ ಇದ್ದರೆ ಅದು ತಕ್ಕ ಕಾರಣ ಆಗಬಹುದು, ಆದರೆ ಕೆಲಸ ಮುಗಿದ ಮೇಲೆ ಅದೇ ಚಾಕು ಜೇಬಿನಲ್ಲೇ ಉಳಿದರೆ ಆ ಕಾರಣ ಉಳಿಯುವುದಿಲ್ಲ. ಗೋದಾಮಿನ ಚಾಕು ಗೋದಾಮಿನಲ್ಲೇ ಇರಲಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಲೇಬಾರದು. ಆತ್ಮರಕ್ಷಣೆಗೆ ಆಗುತ್ತದೆ ಎಂಬ ಆಸೆ ಎಲ್ಲೋ ಮೂಲೆಯಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಕಾನೂನಿನಲ್ಲೂ ಸಿಕ್ಕಿಸುತ್ತದೆ, ನಿಮ್ಮ ಬೆರಳನ್ನೂ ಕೊಯ್ಯುತ್ತದೆ.

ನಿಮ್ಮ ಕೆಲಸಗಳಿಗೆ ಬಂದರೆ

ಗೋದಾಮಿನಲ್ಲಿ ದಿನಕ್ಕೆ ನೂರಾರು ಪೆಟ್ಟಿಗೆ ಒಡೆಯುವುದಿದ್ದರೆ ಬ್ಲೇಡ್ ಬದಲಿಸುವ ಕಟರ್ ಇಟ್ಟುಕೊಳ್ಳಿ. ರಟ್ಟು ಎಂಥ ಉಕ್ಕನ್ನೂ ಮೊಂಡು ಮಾಡುತ್ತದೆ, ಅಲ್ಲಿ ಒಳ್ಳೆಯ ಚಾಕು ಸವೆಸುವುದು ದಂಡ. ಹಗ್ಗ, ಬೆಲ್ಟು, ದಪ್ಪ ಹೊದಿಕೆಗೆ ಮಡಚು ಚಾಕು. ಒದ್ದೆ ಹಗ್ಗ, ನೈಲಾನ್ ಹೆಚ್ಚಿದ್ದರೆ ಬುಡದ ಮೂರನೇ ಒಂದು ಭಾಗ ಗರಗಸದ ಹಲ್ಲಿರುವ ಅಲಗು ಒಳ್ಳೆಯದು. ಪ್ಲಾಸ್ಟಿಕ್ ಪಟ್ಟಿ ಬಿಗಿದಿದ್ದಾಗ ನೇರ ಎದುರು ನಿಲ್ಲಬೇಡಿ. ಪಕ್ಕಕ್ಕೆ ನಿಂತು, ಅಲಗನ್ನು ಚಪ್ಪಟೆಯಾಗಿ ಪಟ್ಟಿಯ ಕೆಳಗೆ ತೂರಿಸಿ, ಬಾಯಿಯನ್ನು ಹೊರಕ್ಕೆ ತಿರುಗಿಸಿ, ಮೈಯಿಂದಾಚೆಗೆ ಎಳೆಯಿರಿ. ಕಡಿದ ಪಟ್ಟಿ ಚಾಟಿಯಂತೆ ಚಿಮ್ಮುತ್ತದೆ, ಮುಖ ದೂರವಿರಲಿ. ಉಕ್ಕಿನ ಪಟ್ಟಿಗೆ ಚಾಕು ಮುಟ್ಟಿಸಲೇಬೇಡಿ, ಅದಕ್ಕೆ ಬೇರೆ ಕತ್ತರಿ ಇದೆ. ಮರದ ಪೆಟ್ಟಿಗೆಗೆ 20 ಸೆಂ.ಮೀ.ನ ಚಪ್ಪಟೆ ಮೀಟುಗೋಲು ಸಾಕು. ನಿಮ್ಮ ಚಾಕುವಿನ ಮೊನೆ ಉಳಿಸುವ ಸಾಧನ ಅದೇ.

ಬೆಟ್ಟಕ್ಕೆ ಹೋಗುವಾಗ ಒರೆಯ ಚಾಕು ಒಯ್ಯಿರಿ. ಮೊರಾ ಕಂಪನಿಯ ಕಂಪ್ಯಾನಿಯನ್ ಹೆವಿ ಡ್ಯೂಟಿ ಎಂಬ ಮಾದರಿಯ ಅಲಗು 3.2 ಮಿ.ಮೀ. ಅಷ್ಟೇ. ಹೆಸರಲ್ಲೇ ಹೆವಿ ಡ್ಯೂಟಿ ಇದ್ದೂ ನೀವು ನೋಡಿರುವ ಮಡಚು ಚಾಕುವಿಗಿಂತ ತೆಳು, ಹಗುರ, ಅಗ್ಗ. ಆದರೂ ಮಣಿಕಟ್ಟಿನಷ್ಟು ದಪ್ಪದ ಕಟ್ಟಿಗೆಯ ಮೇಲಿಟ್ಟು ಬೆನ್ನಿಗೆ ಕೊಡತಿಯಿಂದ ಬಡಿದು ಸೀಳಲು ಅದಕ್ಕೆ ಆಗುತ್ತದೆ, ಏಕೆಂದರೆ ಅದರಲ್ಲಿ ಕೀಲಿಲ್ಲ. ಮಡಚು ಚಾಕುವಿಗೆ ಹಾಗೆ ಬಡಿದರೆ ಪ್ರತಿ ಪೆಟ್ಟೂ ಕೀಲು, ಸ್ಟಾಪ್ ಪಿನ್, ಲಾಕ್‌ಗಳನ್ನು ಹಾದು ಹೋಗುತ್ತದೆ. ಚಾಕು ಇರುವುದೊಂದೇ, ಸೀಳದೆ ವಿಧಿಯಿಲ್ಲ ಎಂಬ ಪರಿಸ್ಥಿತಿ ಬಂದರೆ ಲಾಕ್ ಬಿಚ್ಚಿ, ಹಿಡಿಯನ್ನು ಸಡಿಲವಾಗಿ ಜೋತು ಬಿಟ್ಟು, ಹೆಬ್ಬೆರಳಿಗಿಂತ ದಪ್ಪವಿಲ್ಲದ ಕಡ್ಡಿಗಳನ್ನು ಮಾತ್ರ ಸೀಳಿ.

ಭಾರೀ ಮಡಚು ಚಾಕು ನಿಜಕ್ಕೂ ಬೇಕಾದವರೂ ಇದ್ದಾರೆ. ದಪ್ಪ ಕೈಗವಸು ಹಾಕಿಯೇ ಕೆಲಸ ಮಾಡುವವರು; ಏಣಿ, ದೋಣಿ, ಕಂಬದ ಮೇಲೆ ದುಡಿಯುವವರು, ಬಿದ್ದರೆ ಒರೆಯ ಚಾಕು ಮೈಗೆ ಒತ್ತುವ ಭಯವಿರುವವರು; ಒರೆಯ ಚಾಕುವಿಗೆ ಕೆಲಸದ ಜಾಗದಲ್ಲಿ ಅನುಮತಿ ಇಲ್ಲದೆ, ದಪ್ಪ ರಬ್ಬರ್ ಕೊಳವೆ, ಕೇಬಲ್ ಹೊದಿಕೆ ಕೊಯ್ಯಬೇಕಾದವರು. ಅವರಿಗೂ 4 ಮಿ.ಮೀ. ಮೇಲಿನ ದಪ್ಪ ಬೇಕೇ ಬೇಕು ಎನ್ನಲು ನಮಗೆ ಕಾರಣ ಕಾಣುವುದಿಲ್ಲ.

ಯಾವುದನ್ನು ಕೊಂಡರೂ ಕೀಲನ್ನು ನೋಡಿಕೊಳ್ಳಿ. ಸಾಮಾನ್ಯವಾಗಿ ಟಿ6, ಟಿ8 ಟಾರ್ಕ್ಸ್ ಬಿಟ್ ಸಾಕು. ಅಲಗು ಪಕ್ಕಕ್ಕೆ ಅಲ್ಲಾಡಿದರೆ ಕೀಲಿನ ಸ್ಕ್ರೂವನ್ನು ಎಂಟನೇ ಒಂದು ಸುತ್ತು ಮಾತ್ರ ಬಿಗಿ ಮಾಡಿ, ತೆರೆದು ನೋಡಿ, ಬೇಕಾದರೆ ಮತ್ತೆ ಅಷ್ಟೇ. ಸ್ಕ್ರೂ ಅಂಟಿ ಕೂತಿದ್ದರೆ ಬಲ ಹಾಕಿ ತಲೆ ಕೆಡಿಸಬೇಡಿ. ಹೇರ್ ಡ್ರೈಯರ್‌ನಿಂದ ಒಂದೆರಡು ನಿಮಿಷ ಬಿಸಿ ಮಾಡಿದರೆ ಸ್ಕ್ರೂವಿನ ಸುರುಳಿಗೆ ಹಾಕಿದ ಅಂಟು ಸಾಮಾನ್ಯವಾಗಿ ಬಿಡುತ್ತದೆ. ಮರಳು, ಧೂಳು ಇರುವ ಕಡೆ ಬಾಲ್ ಬೇರಿಂಗ್‌ಗಿಂತ ಕಂಚಿನ ವಾಶರ್ ವಾಸಿ. ಕಣ ಒಳಗೆ ಹೋದರೂ ತಿರುಗುವುದು ನಿಲ್ಲುವುದಿಲ್ಲ. ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೀಲಿಗೆ ಒಂದೇ ಹನಿ ಎಣ್ಣೆ. ಲೈನರ್, ಫ್ರೇಮ್ ಲಾಕ್‌ಗಳ ಮುಖಕ್ಕೆ ಎಣ್ಣೆ ತಾಗಬಾರದು. ಅಲ್ಲಿ ಅಂಟುತ್ತಿದ್ದರೆ ಪೆನ್ಸಿಲ್ ಸೀಸ ಒಂದೆರಡು ಗೆರೆ ಉಜ್ಜಿ.

ಇನ್ನು ಮೊನೆ ಮುರಿದ ಆ ಹಳೆಯ ಚಾಕು. ಅದನ್ನು ಎಸೆಯಬೇಡಿ, ಅರ್ಧ ಮುಕ್ಕಾಲು ಗಂಟೆಯ ಕೆಲಸದಲ್ಲಿ ಅದು ಸರಿಹೋಗುತ್ತದೆ. 220 ಗ್ರಿಟ್ ಅಥವಾ ಅದಕ್ಕಿಂತ ಒರಟು ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿಡಿ. ಬಾಯಿಯ ಕಡೆಯಿಂದ ಉಜ್ಜಬೇಡಿ, ಬೆನ್ನಿನ ಕಡೆಯಿಂದ ಉಜ್ಜಿ. ಬೆನ್ನಿನ ಗೆರೆ ಮೆಲ್ಲಗೆ ಬಾಗಿ ಬಂದು ಬಾಯಿಯನ್ನು ಕೂಡಬೇಕು. ಬಾಯಿಯ ಕಡೆಯಿಂದ ಸವೆಸಿದರೆ ಹೊಸ ಮೊನೆ ಬೆನ್ನಿನ ಮಟ್ಟಕ್ಕೆ ಏರಿ, ಮಡಚಿದಾಗ ಹಿಡಿಯಿಂದ ಹೊರಗೆ ಇಣುಕುತ್ತದೆ, ಜೇಬಿಗೆ ಕೈ ಹಾಕಿದಾಗ ಚುಚ್ಚುತ್ತದೆ. ವಿದ್ಯುತ್ ಚಾಲಿತ ಸಾಣೆ ಬಳಸುವುದಾದರೆ ಎರಡು ಸೆಕೆಂಡಿಗೊಮ್ಮೆ ನೀರಿಗೆ ಅದ್ದಿ. ಮೊನೆ ಹುಲ್ಲಿನ ಹಳದಿಗೆ ತಿರುಗಿತು ಎಂದರೆ 200 ಡಿಗ್ರಿ ದಾಟಿದೆ, ನೀಲಿಯಾದರೆ 300ರ ಹತ್ತಿರ, ಅಲ್ಲಿಗೆ ಆ ಭಾಗದ ಹದ ಹೋಯಿತು. ಆಕಾರ ಬಂದ ಮೇಲೆ ಬಾಯಿಗೆ ಮಾರ್ಕರ್‌ನಿಂದ ಮಸಿ ಬಳಿದು, ಪ್ರತಿ ಬದಿಗೆ 17ರಿಂದ 20 ಡಿಗ್ರಿಯಲ್ಲಿ ಸಾಣೆ ಹಿಡಿಯಿರಿ. ಮಸಿ ಬಾಯಿಯ ತುದಿಯವರೆಗೂ ಅಳಿಸಿದ್ದರೆ ಕೋನ ಸರಿಯಿದೆ. ಮಡಚಿ, ಬೆರಳನ್ನು ಹಿಡಿಯ ಉದ್ದಕ್ಕೂ ಮೆಲ್ಲಗೆ ಸವರಿ ನೋಡಿ. ಎಲ್ಲೂ ಚುಚ್ಚದಿದ್ದರೆ ಜೇಬಿಗೆ ಹಾಕಿಕೊಳ್ಳಬಹುದು.